ಬರಿಗತ್ತು

ಕೂದಲು ಉದುರಿದಾಗ ನಾನು ಅಷ್ಟೇನೂ ಅಳಲಿಲ್ಲ. ಸೆರಗು ಹೊದ್ದರೆ ತಲೆ ಮುಚ್ಚುತ್ತದೆ, ಕೇಳಿದವರಿಗೆ ತಿರುಪತಿಗೆ ಮುಡಿ ಕೊಟ್ಟೆ ಎನ್ನಬಹುದು. ನಮ್ಮ ಬಾಗಲೂರು ಕಡೆ ಹಾಗೆಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ, ಲಡ್ಡು ಎಲ್ಲಿ ಎನ್ನುತ್ತಾರೆ ಅಷ್ಟೆ. ಬರಿಗತ್ತಿಗೆ ಮಾತ್ರ ಅಂಥ ಒಂದು ಸುಳ್ಳು ಸಿಗಲಿಲ್ಲ.

ಎದೆಯ ಆಪರೇಷನ್, ಕೀಮೋ ಮುಗಿದು ರೇಡಿಯೇಷನ್ ಶುರುವಾಯಿತು, ನಮ್ಮ ಕಡೆ ಕರೆಂಟು ಕೊಡುವುದು ಅನ್ನುತ್ತಾರೆ. ಎದೆಯಿಂದ ಕತ್ತಿನ ಬುಡದವರೆಗೂ ಕೊಡುತ್ತಾರಂತೆ. ಮೊದಲ ದಿನವೇ ನರ್ಸ್ ಕಟ್ಟುನಿಟ್ಟಾಗಿ ಹೇಳಿದಳು, ಈ ಜಾಗಕ್ಕೆ ಸೋಪು, ಪೌಡರು, ಅರಿಶಿನ ಏನೂ ಸೋಕಿಸಬೇಡಿ, ಕತ್ತಿನಲ್ಲಿ ಏನೂ ಹಾಕಿಕೊಳ್ಳಬೇಡಿ ಎಂದು. ಏನೂ ಅಂದರೆ ತಾಳಿಯೂ ಸೇರಿತು. ಮದುವೆಯಾದಾಗಿನಿಂದ ಕತ್ತಿನಲ್ಲಿದ್ದದ್ದನ್ನು ಬಿಚ್ಚಿ ಯಜಮಾನರ ಕೈಗೆ ಕೊಟ್ಟೆ.

ಊರಿಂದ ಹೊಸೂರಿಗೆ ಒಂದು ಬಸ್ಸು, ಅಲ್ಲಿಂದ ಗಡಿಯಾಚೆಯ ಆಸ್ಪತ್ರೆಗೆ ಇನ್ನೊಂದು. ಯಜಮಾನರು ಫ್ಯಾಕ್ಟರಿಯಲ್ಲಿ ಸೆಕೆಂಡ್ ಷಿಫ್ಟ್ ಹಾಕಿಸಿಕೊಂಡು ದಿನಾ ಜೊತೆಗೆ ಬರುತ್ತಿದ್ದರು. ನಾನು ಹೆಂಗಸರ ಸೀಟಿನಲ್ಲಿ, ಅವರು ನನ್ನ ಹಿಂದೆಯೇ ಕಂಬಿ ಹಿಡಿದುಕೊಂಡು. ಒಂದು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ತಲೆ ನೋಡಿದಳು, ಕತ್ತು ನೋಡಿದಳು. ಆಮೇಲೆ ನನ್ನ ತೊಡೆ ಮೇಲೆ ಕೈಯಿಟ್ಟು ಕೇಳಿದಳು.

"ಗಂಡ ಓಗಿ ಎಷ್ಟು ದಿನ ಆಯ್ತಮ್ಮ?"

ಬಾಯಿ ಬಿಡಬೇಕಿತ್ತು. ಆದರೆ ಗಂಡ ಇದ್ದಾರೆ ಎಂದರೆ ತಾಳಿ ಎಲ್ಲಿ ಎನ್ನುತ್ತಾಳೆ. ಕಾಯಿಲೆ ಎಂದರೆ ಮೈಯಲ್ಲಿ ಎಲ್ಲಿ ಎನ್ನುತ್ತಾಳೆ. ಅಲ್ಲಿಗೆ ಇಡೀ ಬಸ್ಸು ತಿರುಗಿ ನನ್ನ ಎದೆ ನೋಡುತ್ತದೆ. ನಾನು ತಲೆ ತಗ್ಗಿಸಿದೆ. ಅದನ್ನೇ ಉತ್ತರ ಎಂದುಕೊಂಡು ಅವಳು ಲೊಚಗುಟ್ಟಿದಳು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಯಜಮಾನರು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತಿದ್ದರು. ಮಾರನೇ ದಿನವೂ ಅಲ್ಲೇ ನಿಂತರು. ಬೋಳುತಲೆ, ಬರಿಗತ್ತು, ಸುಟ್ಟು ಕಪ್ಪಾಗುತ್ತಿರುವ ಚರ್ಮ, ಇಂಥವಳ ಪಕ್ಕ ನಿಲ್ಲಲು ಅವರಿಗೂ ಅವಮಾನ ಎಂದುಕೊಂಡೆ. ಮೈಯೆಲ್ಲ ಹಿಡಿಯಾಯಿತು.

ಅಮ್ಮನ ಹತ್ತಿರ ಹೇಳಿಕೊಂಡು ಅತ್ತೆ. ಅಮ್ಮ ಅದಕ್ಕೊಂದು ದಾರಿ ಹುಡುಕಿದಳು. ನಮ್ಮಲ್ಲಿ ತಾಳಿಸರ ಕಿತ್ತು ರಿಪೇರಿಗೆ ಕೊಟ್ಟಾಗ ಕತ್ತು ಖಾಲಿ ಬಿಡುವುದಿಲ್ಲ, ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತೇವೆ. ಆಸ್ಪತ್ರೆಯವರು ಬೇಡ ಅಂದಿರುವುದು ಚಿನ್ನ ತಾನೇ, ದಾರಕ್ಕೇನಂತೆ, ಅರಿಶಿನ ಗಾಯಕ್ಕೂ ಒಳ್ಳೆಯದು ಎಂದಳು. ನನಗೂ ಅಷ್ಟೇ ಬೇಕಿತ್ತು. ಆಸ್ಪತ್ರೆಯ ಬಚ್ಚಲಿಗೆ ಹೋಗಿ ದಾರ ಬಿಚ್ಚಿ ಪರ್ಸಿಗೆ ತುರುಕುವುದು, ಮಿಷನ್ ಕೆಳಗಿಂದ ಎದ್ದು ಬಂದು ಮತ್ತೆ ಕಟ್ಟಿಕೊಳ್ಳುವುದು. ಬಣ್ಣ ಮಾಸಬಾರದೆಂದು ದಿನಾ ಬೆಳಿಗ್ಗೆ ಅರಿಶಿನ ತೇದು ಹಚ್ಚುತ್ತಿದ್ದೆ. ಮನೆಯಲ್ಲಿ ಯಜಮಾನರಿಗೆ ಕಾಣದಂತೆ ಸೆರಗು ಹೊದ್ದಿರುತ್ತಿದ್ದೆ. ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕತ್ತು ಉರಿಯುತ್ತಿತ್ತು, ಆದರೂ ತಲೆ ಎತ್ತಿ ಕೂರುತ್ತಿದ್ದೆ.

ಬೆವರು, ದಾರ, ಅರಿಶಿನ ಎಲ್ಲ ಸೇರಿ ಕತ್ತಿನ ಚರ್ಮ ಸಿಪ್ಪೆಯೆದ್ದು ನೀರಾಡತೊಡಗಿತು. ಏನು ಹಚ್ಚಿದಿರಿ ಎಂದು ನರ್ಸ್ ಕೇಳಿದರೆ ಏನಿಲ್ಲ ಎಂದೆ. ಹಸಿ ಮಾಂಸದ ಅಂಚಿನಲ್ಲಿ ಹಳದಿ ಮೆತ್ತಿಕೊಂಡಿರುವಾಗ ಯಾರು ನಂಬುತ್ತಾರೆ? ಡಾಕ್ಟರು ಮುಲಾಮು ಬರೆದುಕೊಟ್ಟು, ಇದು ಮಾಯುವ ತನಕ ಕರೆಂಟು ಕೊಡುವ ಹಾಗಿಲ್ಲ, ಹೀಗೆ ನಡುವೆ ನಿಂತರೆ ಕಾಯಿಲೆಗೇ ಲಾಭ ಎಂದರು. ಮುಖ ಎಲ್ಲಿಡಲಿ ಎನಿಸಿತು. ಹೊರಗೆ ಕಾದು ಕೂತಿದ್ದ ಯಜಮಾನರಿಗೆ ಮಿಷನ್ ಕೆಟ್ಟಿದೆಯಂತೆ ಎಂದು ಸುಳ್ಳು ಹೇಳಿದೆ. ಇಷ್ಟಾದ ಮೇಲೂ ದಾರ ಬಿಚ್ಚಲಿಲ್ಲ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ಭಾನುವಾರ ಮಧ್ಯಾಹ್ನ ಹೊಲಿಗೆ ಮಿಷನ್ನಿಗೆ ಬಗ್ಗಿ ನೂಲು ಪೋಣಿಸುತ್ತಿದ್ದೆ, ನೋವಿಗೆ ಅಯ್ಯೋ ಎಂದುಬಿಟ್ಟೆ. ಯಜಮಾನರು ಬಂದು ಸೆರಗು ಸರಿಸಿ ನೋಡಿದರು. ದಾರ ಮಾಂಸಕ್ಕೆ ಅಂಟಿಕೊಂಡಿತ್ತು. ಬೈಯಲಿಲ್ಲ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಂದೊಂದೇ ಎಳೆ ನೆನೆಸಿ ಬಿಡಿಸಿದರು. ಯಾಕೆ ಕಟ್ಟಿಕೊಂಡೆ ಎಂದು ಕೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಮುದುಕಿಯ ಮಾತು ಹೇಳಿದೆ. ನೀವೂ ನನ್ನಿಂದ ದೂರ ಹೋಗಿ ನಿಂತಿರಲ್ಲ, ಇನ್ನೇನು ಮಾಡಲಿ ಎಂದೆ.

ಅವರು ಹತ್ತಿ ಹಿಂಡುತ್ತ ಹೇಳಿದರು. "ಆಯಮ್ಮ ಕೇಳಿದ್ದು ನಂಗೂ ಕೇಳಿಸ್ತು. ನೀನು ತಲೆ ತಗ್ಗಿಸ್ದೆ. ನಾನು ಅಲ್ಲೇ ನಿಂತಿದ್ರೆ ನಿನ್ ಕಾಯಿಲೆ ವಿಷ್ಯ ಎಲ್ಲಾ ಹೇಳ್ಬೇಕಾಯ್ತಿತ್ತು. ಅದಕ್ಕೇ ಆಚೆ ಓಗಿ ನಿಂತೆ. ಸತ್ತೋನು ಅಂತ್ಲೇ ಇರ್ಲಿ ಬಿಡು ಅಂದ್ಕೊಂಡೆ."

ಅಲ್ಲಿಯ ತನಕ ನಾನು ನಾಚಿದ್ದೆಲ್ಲ ಬರೀ ಚರ್ಮಕ್ಕೆ. ಅವರು ದಿನಾ ನನ್ನ ಚೀಲ ಹಿಡಿದುಕೊಂಡು, ನನ್ನ ಮಾನ ಉಳಿಸಲಿಕ್ಕೆ ಆ ಬಾಗಿಲಲ್ಲಿ ಸತ್ತವರಾಗಿ ನಿಲ್ಲುತ್ತಿದ್ದರು. ಅವರ ಮುಖ ನೋಡಲಾಗದೆ ಗೋಡೆ ಕಡೆ ತಿರುಗಿ ಕೂತೆ.

ಗಾಯ ಮಾಯಿತು. ಕತ್ತಿನ ಸುತ್ತ ಕಪ್ಪು ಗೆರೆ ಉಳಿಯಿತು, ಈಗಲೂ ಇದೆ. ಊರಿನ ಹೆಂಗಸರಿಗೆಲ್ಲ ಅಗಲ ಕತ್ತಿನ ಬ್ಲೌಸು ಹೊಲಿದು ಕೊಡುವ ನಾನು, ನನಗೆ ಮಾತ್ರ ಕಾಲರ್ ಇಟ್ಟು ಹೊಲಿದುಕೊಳ್ಳುತ್ತೇನೆ. ಕನ್ನಡಿ ಮುಂದೆ ಇನ್ನೂ ಧೈರ್ಯ ಬಂದಿಲ್ಲ.

ಆದರೆ ಕರೆಂಟು ಮತ್ತೆ ಶುರುವಾದ ದಿನ ಬಸ್ಸಿಗೆ ಬರಿಗತ್ತಿನಲ್ಲೇ ಹತ್ತಿದೆ. ಯಜಮಾನರು ಎಂದಿನಂತೆ ಹಿಂದಕ್ಕೆ ಹೋದರು. ಪಕ್ಕದಲ್ಲಿದ್ದ ಹೆಂಗಸು ನನ್ನ ಕತ್ತನ್ನೇ ನೋಡುತ್ತಿದ್ದಳು. ಇವತ್ತು ಬಾಯಿ ಬಿಡದಿದ್ದರೆ ಇನ್ನೆಂದೂ ಬಿಡಲಾರೆ ಎನಿಸಿತು.

"ಸ್ವಲ್ಪ ಆ ಕಡೆ ಕೂತ್ಕೋತೀರಾ? ನಮ್ ಯಜಮಾನ್ರು ನಿಂತವ್ರೆ."

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು ಮಾತು. ಅವಳು ನನ್ನ ಕತ್ತು ನೋಡಿದಳು, ಬಾಗಿಲ ಕಡೆ ನೋಡಿದಳು, ಎದ್ದು ಜಾಗ ಬಿಟ್ಟಳು. ಅವರು ಬಂದು ಸೀಟಿನ ತುದಿಯಲ್ಲಿ ಕೂತರು. ಹೊಸೂರು ಬರುವ ತನಕ ನಾನು ಅವರ ಕಡೆ ತಿರುಗಲಿಲ್ಲ. ಎಲ್ಲರೂ ನೋಡುತ್ತಿದ್ದರು, ನನಗೆ ಅಳು ಬರುತ್ತಿತ್ತು, ಸೆರಗು ಮಾತ್ರ ಎಳೆದುಕೊಳ್ಳಲಿಲ್ಲ.