ಸಿಸ್ಟರ್‌ಗಳ ಮುಂದ ಹೆಣ್ಣು ಕೇಳಿದ್ದು

ಹುಟ್ಟಿದಾಗಿಂದ ನನ್ನ ರಕ್ತದಾಗ ಎಚ್‌ಐವಿ ಐತಿ. ಹೋದ ತಿಂಗಳು ಸಿಂದಗಿಯೊಳಗ ನರ್ಸ್‌ಗಳಿಗೆ ಹೊಸ ಔಷಧದ ತರಬೇತಿ ಇತ್ತು. ದಿನಾ ಗುಳಿಗಿ ನುಂಗಿದ ಹುಡುಗ ಎಷ್ಟು ಗಟ್ಟಿ ಇರ್ತಾನ ಅಂತ ತೋರಿಸಾಕ ನನ್ನ ಕರೆಸಿದ್ದರು.

"ಪರೀಕ್ಷೆಯೊಳಗ ಇವನ ವೈರಸ್ ಕಾಣಿಸೂದಿಲ್ಲ. ಹಿಂಗ ಗುಳಿಗಿ ತಪ್ಪಿಸಲಿಲ್ಲಂದ್ರ ಮುಂದ ಹೆಂಡತಿಗೂ ಹತ್ತಂಗಿಲ್ಲ, ಮಕ್ಕಳಿಗೂ ಬರಂಗಿಲ್ಲ" ಅಂದರು ಡಾಕ್ಟರು. ಎಲ್ಲಾರೂ ಚಪ್ಪಾಳಿ ತಟ್ಟಿದರು.

ನನಗ ಸುಮ್ಮನ ಕೂಡಾಕ ಬರೂದಿಲ್ಲ. "ಹಂಗಾರ ನನಗ ಲಗ್ನದ ವಯಸ್ಸಾದಾಗ ನಿಮ್ಮೊಳಗ ಯಾರು ಹೆಣ್ಣು ಕೊಡ್ತೀರ್ರಿ?" ಅಂದೆ. ನಗ್ತಾರ ಅನ್ಕೊಂಡಿದ್ದೆ, ಎಲ್ಲಾರೂ ನೆಲ ನೋಡಿದರು. ಅದು ಬರೇ ಚಾಷ್ಟಿ ಅಲ್ಲ ಅಂತ ನನಗೂ ಅವಾಗ ತಿಳೀತು.

ಹೊರ್ತಿ ಕಡೆಯ ಒಬ್ಬ ಹಿರೇ ಸಿಸ್ಟರ್ ಕೇಳಿದರು: "ಎಷ್ಟು ಸಾಲಿ ಕಲ್ತೀಯೋ ತಮ್ಮಾ?"

"ಹತ್ತನೇ ಕ್ಲಾಸಿನ ಗಣಿತದಾಗ ಫೇಲ್ರಿ."

"ಕೆಲಸ?"

"ಹುಡುಕಾಕತ್ತೇನ್ರಿ."

"ಹಂಗಾರ ನನ್ನ ಮಗಳನ್ನ ಕೊಡಂಗಿಲ್ಲ ನೋಡು. ಆಕಿ ಡಿಗ್ರಿ ಓದಾಕತ್ತಾಳ."

ಇಂಡಿ ಬಸ್ಸಿನಾಗ ಊರು ಬರೂತನಕ ಅದನ್ನ ನೆನೆಸ್ಕೊಂಡು ನಗಾಕತ್ತಿದ್ದೆ. ಊರಾಗಿನ ಎಲ್ಲಾ ಹುಡುಗರಿಗೆ ಹೇಳೂ ಕಾರಣ ಹೇಳಿ ನನ್ನ ಒಲ್ಲೆ ಅಂದವರು ಅವರೊಬ್ಬರ. ಈಗ ಗಣಿತ ಪಾಸ್ ಮಾಡಾಕ ಅಂಜಿಕಿ ಬರ್ತೈತಿ. ಪಾಸಾದ ಮ್ಯಾಲೆ ಯಾವ ಕಾರಣ ಹೇಳ್ತಾರೋ.