ಚಪ್ಪಲಿ ಬಂದ ಹೊತ್ತು

ಬೆಳಗಿನ ಆರು ಗಂಟೆ. ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರದ ಜಗಲಿಯನ್ನು ಮಂಚಮ್ಮ ಗುಡಿಸುತ್ತಿದ್ದಾರೆ. ಮಾತ್ರೆ ಕೊಡುವ ಕಿಟಕಿಯ ಮುಂದೆ ಆಗಲೇ ಹದಿನಾಲ್ಕು ಜೊತೆ ಚಪ್ಪಲಿ ಸಾಲಾಗಿ ಕೂತಿವೆ. ಮನುಷ್ಯರು ಒಬ್ಬರೂ ಇಲ್ಲ. ಸೋಮವಾರ ಸಕ್ಕರೆ ಕಾಯಿಲೆಯವರ ದಿನ. ಚಪ್ಪಲಿ ಬಿಟ್ಟು ಜಾಗ ಹಿಡಿದು, ಬರಿಗಾಲಲ್ಲಿ ಮನೆಗೆ ಹೋಗಿ ಹಾಲು ಕರೆದು ಬರುವುದು ಇಲ್ಲಿನ ವಾಡಿಕೆ. ಯಾವ ಚಪ್ಪಲಿ ಯಾರದೆಂದು ಮಂಚಮ್ಮನಿಗೆ ಬಾಯಿಪಾಠ.

ಗಂಡ ತೀರಿಕೊಂಡ ವರ್ಷ ಸೇರಿದ ಆಯಾ ಕೆಲಸ. ಈಗ ಹತ್ತೊಂಬತ್ತು ವರ್ಷ. ಇನ್ನೂ ಗುತ್ತಿಗೆಯಲ್ಲೇ ಇದ್ದಾರೆ. ಸೋಮವಾರ ಇನ್ನೂರು ಜನ ಬಂದರೂ ಕಿಟಕಿ ಒಂದೇ. ಹೋದ ತಿಂಗಳು ಮುದುಕ ಕೆಂಪಸಿದ್ದಯ್ಯ ಸಾಲಿನಲ್ಲೇ ತಲೆ ಸುತ್ತಿ ಕುಸಿದರು. ಎರಡನೇ ಕಿಟಕಿ ಕೇಳುವ ಮೊದಲು, ಜನ ಈಗ ಎಷ್ಟು ಹೊತ್ತು ಕಾಯುತ್ತಾರೆಂದು ಬರೆದಿಡಿ ಎಂದು ನರ್ಸ್ ಸಿಂಧು ಮಂಚಮ್ಮನ ಕೈಗೆ ಒಂದು ಪುಸ್ತಕ ಕೊಟ್ಟಿದ್ದಾರೆ.

ಎಡವಟ್ಟಾದದ್ದು ಅಲ್ಲೇ. "ಪರೀಕ್ಸೆ ಅನ್ಕಂಡೆ ಕಣಕ್ಕ. ಆಸ್ಪತ್ರೆ ಎಸ್ರು ಕೆಡಬಾರ್ದು ಅಂತ ಎಲ್ಲಾರ್ನೂ ಬಿರ್‌ಬಿರ್ನೆ ಸಾಗಾಕ್ದೆ" ಎನ್ನುತ್ತಾರೆ. ಮೊದಲ ಸೋಮವಾರ ತಾವೇ ಜನರ ಮಾತ್ರೆ ಚೀಟಿ ಜೋಡಿಸಿ ಕಿಟಕಿಗೆ ಕೊಟ್ಟು, ಜನ ಬಂದು ನಿಂತ ಮೇಲಿನ ಹೊತ್ತನ್ನಷ್ಟೇ ಬರೆದರು. ಲೆಕ್ಕ ಬಂದದ್ದು ಇಪ್ಪತ್ತೆರಡು ನಿಮಿಷ. ಇದನ್ನು ಕಳಿಸಿದರೆ ಕಿಟಕಿಯ ಮಾತೇ ಮುಗಿಯಿತು ಎಂದು ಸಿಂಧು ತಲೆ ಮೇಲೆ ಕೈ ಹೊತ್ತರು.

"ಜ್ವರ ನೋಡೋಕೆ ಮುಂಚೇನೇ ಹಣೆಗೆ ಒದ್ದೆ ಬಟ್ಟೆ ಹಾಕ್ತೀರಾ, ಮಂಚಮ್ಮ?" ಎಂದು ಕೇಳಿದರಂತೆ.

ಅದು ಮಂಚಮ್ಮನ ತಲೆಗೆ ಹೋಯಿತು. ಮುಂದಿನ ಸೋಮವಾರ ಯಾರನ್ನೂ ಅವಸರಪಡಿಸಲಿಲ್ಲ. ಆದರೆ ಹೊಸ ಗೊಂದಲ ಎದುರಾಯಿತು. ಚಪ್ಪಲಿ ಆರಕ್ಕೆ, ಮನುಷ್ಯ ಒಂಬತ್ತಕ್ಕೆ, ಮಾತ್ರೆ ಹತ್ತೂವರೆಗೆ. ಕಾದದ್ದು ಎಷ್ಟು? ಒಂಬತ್ತರಿಂದಲೇ ಬರೆಯಲು ಹೊರಟಾಗ ಕೆಂಪಸಿದ್ದಯ್ಯ ಬಿಡಲಿಲ್ಲ.

"ಚಪ್ಪಲಿ ತಾನಾಗೇ ನಡ್ಕಂಡ್ ಬಂತೇನವ್ವ? ಅದುನ್ನ ತಂದ್ ಬುಟ್ಟೋನು ನಾನು ಕಣಮ್ಮ."

ಮಂಚಮ್ಮ ಪುಸ್ತಕದ ಹಾಳೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಚಪ್ಪಲಿ ಬಂದ ಹೊತ್ತು, ಇನ್ನೊಂದು ಕಡೆ ಮನುಷ್ಯ ಬಂದ ಹೊತ್ತು ಬರೆದರು. ಮೂರು ಸೋಮವಾರ ಕಳೆದಿವೆ. ಒಂದು ಲೆಕ್ಕ ನಾಲ್ಕೂವರೆ ಗಂಟೆ, ಇನ್ನೊಂದು ಒಂದೂವರೆ. ಸಿಂಧು ಎರಡನ್ನೂ ಹಾಗೆಯೇ ಮೇಲಿನವರಿಗೆ ಕಳಿಸಿದ್ದಾರೆ. ಉತ್ತರ ಬಂದಿಲ್ಲ.

"ಯಾವ್ದು ಸರಿ ಅಂತ ನಂಗಿನ್ನೂ ತಿಳೀದು" ಎನ್ನುತ್ತಾರೆ ಮಂಚಮ್ಮ. "ಕಿಟ್ಕಿ ಆದ್ಮೇಲೂ ಪುಸ್ತಕ ನನ್ ಕೈಗೇ ಕೊಡ್ಲಿ, ಅಷ್ಟ್ ಸಾಕು. ಕಾಯೋದು ಕಮ್ಮಿ ಆಯ್ತೋ ಇಲ್ವೋ ಅನ್ನೋದ್ನ ನಾನೇ ಬರೀಬೇಕು."