ಅಮ್ಮ ಎಣಿಸಿದ ಅಕ್ಷರಗಳು

ನನ್ನ ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಕ್ಷರ ಎಣಿಸಲು ಬರುತ್ತಿತ್ತು. ಇದು ನನ್ನಿಂದಲೇ ಆದ ಕೆಲಸ. ಎರಡನೇ ಕ್ಲಾಸಿನಲ್ಲಿದ್ದಾಗ ಸ್ಲೇಟಿನಲ್ಲಿ ಬರೆದದ್ದನ್ನು ನಾನು ಜೋರಾಗಿ ಒಡೆದೊಡೆದು ಓದುತ್ತಿದ್ದೆ: ಅ-ಕ್ಕಿ, ಉ-ಪ್ಪು, ಸೌ-ತೆ. ಭತ್ತ ಕುಟ್ಟುತ್ತಿದ್ದ ಅಮ್ಮ ಒಂದು ದಿನ ಒನಕೆ ನಿಲ್ಲಿಸಿ, "ನೀನು ಬಾಯಲ್ಲಿ ಒಂದು ತುಂಡು ಹೇಳಿದರೆ ಸ್ಲೇಟಲ್ಲಿ ಒಂದು ಗುರುತು ಬರುದಾ?" ಎಂದು ಕೇಳಿದಳು. ಹೌದು ಎಂದೆ. ಅಷ್ಟು ಸಾಕಾಯಿತು. ಆಮೇಲೆ ಯಾವ ಶಬ್ದ ಕಿವಿಗೆ ಬಿದ್ದರೂ ಕಿರುಬೆರಳಿನಿಂದ ಮಡಚುತ್ತ ಎಣಿಸುವುದೇ ಅವಳ ಆಟವಾಯಿತು. ನೊಗ ಎರಡು. ಬೆಳ್ಳಾರೆ ಮೂರು. ಸುಬ್ರಹ್ಮಣ್ಯಕ್ಕೆ ಬೆರಳು ಮಡಚಿ ನೋಡಿ, "ಅಷ್ಟು ದೊಡ್ಡ ದೇವರಿಗೆ ನಾಲ್ಕೇ?" ಎಂದು ಬೇಸರಪಟ್ಟುಕೊಂಡಿದ್ದಳು. ಓದಲು ಕಲಿ ಎಂದರೆ ಮಾತ್ರ, "ಕೊಯ್ಲು ಮುಗಿಯಲಿ" ಎನ್ನುತ್ತಿದ್ದಳು. ನಮ್ಮಲ್ಲಿ ಕೊಯ್ಲು ಮುಗಿದದ್ದೇ ಇಲ್ಲ.

ಬೆಳ್ಳಾರೆಯಲ್ಲಿ ಬಸ್ಸಿಳಿದು ಒಂದೂವರೆ ಗಂಟೆ ನಡೆದರೆ ನಮ್ಮ ಮನೆ. ಮುಳಿಹುಲ್ಲಿನ ಮಾಡು, ಮಣ್ಣಿನ ಗೋಡೆ, ಅಂಗಳದ ಕೆಳಗೆ ಮೂರು ಗದ್ದೆ, ಅದರಾಚೆ ನೀರು ಹರಿಯುವ ತೋಡು. ಮನೆಯಲ್ಲಿ ನಾವು ಮೂರೇ ಜನ: ಅಜ್ಜಿ, ಅಮ್ಮ, ನಾನು. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಚಳಿಜ್ವರಕ್ಕೆ ತೀರಿಕೊಂಡಿದ್ದರು. ಉಳುವ ದಿನಗಳಲ್ಲಿ ಸೋದರಮಾವ ಬಂದು ಹೋಗುತ್ತಿದ್ದರು. ಉಳಿದದ್ದೆಲ್ಲ, ಸೊಪ್ಪು ತರುವುದರಿಂದ ಹಿಡಿದು ಭತ್ತ ಬಡಿಯುವ ತನಕ, ಅಮ್ಮ ಮತ್ತು ಅಜ್ಜಿಯ ಕೈಯಲ್ಲೇ ಆಗಬೇಕಿತ್ತು.

ಗದ್ದೆ ನಮ್ಮದಲ್ಲ, ಧಣಿಗಳದ್ದು. ಬೇರೆಯವರ ಗದ್ದೆಯನ್ನು ತನ್ನ ಎತ್ತು ನೇಗಿಲಿನಿಂದ ಬೇಸಾಯ ಮಾಡಿ, ವರ್ಷಕ್ಕಿಷ್ಟು ಅಕ್ಕಿ ಗೇಣಿ ಎಂದು ಕೊಡುವವರನ್ನು ನಮ್ಮ ಕಡೆ ಒಕ್ಕಲು ಎನ್ನುತ್ತಾರೆ. ನಾವು ಒಕ್ಕಲು. ಅಜ್ಜನ ಕಾಲದಿಂದ ಒಕ್ಕಲು, ಆದರೆ ಒಂದು ಚೀಟಿಯಿಲ್ಲ, ಎಲ್ಲ ಬಾಯಿಮಾತು. ಧಣಿಗಳು ಕೆಟ್ಟವರಲ್ಲ. ನನಗೆ ಸ್ಲೇಟು ಕೊಡಿಸಿದ್ದು ಅವರೇ, ಹಬ್ಬಕ್ಕೆ ಸೌತೆಕಾಯಿ ಹೊತ್ತುಕೊಂಡು ಹೋದರೆ ಅವರ ಮನೆಯ ಅಮ್ಮ ಬಿಸಿಬಿಸಿ ನೀರುದೋಸೆ ಹಾಕುತ್ತಿದ್ದರು. ನಾವು ಅಂಗಳದಲ್ಲಿ ಕೂತು ತಿಂದು, ಎಲೆ ನಾವೇ ಎತ್ತಿ ಎಸೆದು ಬರುತ್ತಿದ್ದೆವು. ಒಳಗಿನ ಜಗಲಿಯಲ್ಲಿ ಎಷ್ಟು ಕಂಬ ಉಂಟು ಎಂದು ನೋಡಬೇಕೆಂದು ನನಗೆ ಬಹಳ ಆಸೆಯಿತ್ತು. ಕೊನೆಗೂ ನೋಡಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಅರವತ್ತರ ಆಸುಪಾಸು, ಉಳುವವರಿಗೇ ಭೂಮಿ ಸಿಗುವ ಕಾನೂನು ಬರುತ್ತದಂತೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ನಡೆದು ನಮ್ಮ ತೋಡಿನ ತನಕವೂ ಬಂತು. ಸುದ್ದಿಯ ಹಿಂದೆಯೇ ಧಣಿಗಳ ಮಾತೂ ಬಂತು. ಅಮ್ಮನನ್ನು ಅಂಗಳಕ್ಕೆ ಕರೆಸಿ, "ಯಾರಾದರೂ ಬಂದು ನೀವು ಒಕ್ಕಲಾ ಅಂತ ಕೇಳಿದರೆ ಅಲ್ಲ ಅನ್ನಬೇಕು. ಧಣಿಗಳ ಕೆಲಸದವರು, ಕೂಲಿಯವರು ಅನ್ನಬೇಕು. ಆಯ್ತಾ?" ಎಂದರು. ಅಮ್ಮ ಆಯ್ತು ಎಂದಳು. ಇಲ್ಲದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತೋಡಿನಾಚೆಯ ಒಂದು ಸಂಸಾರ ಅದೇ ತಿಂಗಳು ಪಾತ್ರೆ ಪಗಡೆ ಹೊತ್ತುಕೊಂಡು ಘಟ್ಟದ ಕಾಫಿ ತೋಟಕ್ಕೆ ಹೋಗಿತ್ತು. ಗದ್ದೆ ಹೋದರೆ ಮನೆಯೂ ಹೋಯಿತು, ಏಕೆಂದರೆ ಮನೆ ಇದ್ದ ಜಾಗವೂ ಧಣಿಗಳದ್ದೇ. ಅಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತು ಬೆರಳು ಮಡಚಿದಳು. "ಕೂ-ಲಿ. ಎರಡು."

ಮಳೆಗಾಲದ ಏಣೆಲು ಬೆಳೆ ಒಳಗೆ ಬಂದ ಮೇಲೆ, ಒಂದು ಬೆಳಿಗ್ಗೆ ಪ್ಯಾಂಟು ಹಾಕಿದ ಯುವಕರೊಬ್ಬರು ಗದ್ದೆಯ ಬದುವಿನ, ನಮ್ಮ ಮಾತಲ್ಲಿ ಹುಣಿಯ, ಮೇಲೆ ಎರಡೂ ಕೈ ಚಾಚಿಕೊಂಡು, ಬೀಳುತ್ತಾ ಏಳುತ್ತಾ ಬಂದರು. ಅದಕ್ಕೆ ಮುಂಚೆ ನಮ್ಮ ಮನೆಗೆ ಬಂದ ಪ್ಯಾಂಟಿನವರೆಂದರೆ ಡಿ.ಡಿ.ಟಿ. ಹೊಡೆಯುವವರು ಮಾತ್ರ. ಇವರ ಕೈಯಲ್ಲಿ ಪಂಪಿರಲಿಲ್ಲ, ಕಾಗದದ ಕಟ್ಟು ಇತ್ತು. ಮೈಸೂರು ಕಡೆಯವರು. ಯಾವುದೋ ಕಚೇರಿಯಿಂದ, ಬೇಸಾಯದ ಮನೆಗಳ ಸ್ಥಿತಿಗತಿ ಕೇಳಿ ಬರೆದುಕೊಳ್ಳಲು ಬಂದಿದ್ದೇನೆಂದು ಹೇಳಿದರು. ಅಮ್ಮ ಬೆಲ್ಲ ನೀರು ಇಟ್ಟಳು. ಅವರು ಬೆಲ್ಲವನ್ನು ನೀರಿಗೆ ಹಾಕಿ ಕಲಕಿದರು. ನನಗೆ ನಗು ತಡೆಯಲಾಗಲಿಲ್ಲ. ಬೆಲ್ಲ ಕಚ್ಚಿ ಆಮೇಲೆ ನೀರು ಕುಡಿಯುವುದು ಕೂಡ ಇವರಿಗೆ ಗೊತ್ತಿಲ್ಲವಲ್ಲ ಅನ್ನಿಸಿತು.

ಅಜ್ಜಿಗೆ ತುಳು ಮಾತ್ರ ಬರುತ್ತಿತ್ತು. ಅಮ್ಮನಿಗೆ ಧಣಿಗಳ ಅಂಗಳದಲ್ಲಿ ನಿಂತು ಕಲಿತಷ್ಟು ಕನ್ನಡ. ನಾನು ನಾಲ್ಕನೇ ಕ್ಲಾಸು, ಹಾಗಾಗಿ ಸಭೆಗೆ ನಾನೇ ದುಭಾಷಿ. ಅವರು ಕೇಳಿದ ಪ್ರಶ್ನೆಗಳು ನನಗೆ ಎಷ್ಟು ಹಿಡಿಸಿದವೆಂದರೆ ಶಾಲೆಯಲ್ಲಿ ಯಾಕೆ ಇಂಥದ್ದನ್ನು ಕೇಳುವುದಿಲ್ಲ ಎಂದುಕೊಂಡೆ. ವರ್ಷಕ್ಕೆ ಎಷ್ಟು ಸೀರೆ? ಚಿಮಿಣಿ ಎಣ್ಣೆ ಎಷ್ಟು? ಕೊಡೆ ಉಂಟಾ? ಸ್ವಂತ ಅಕ್ಕಿ ಎಷ್ಟು ತಿಂಗಳು ಬರುತ್ತದೆ? ಅದು ಮುಗಿದ ಮೇಲೆ ಜಡಿಮಳೆಯ ಆಟಿ ತಿಂಗಳಲ್ಲಿ ಏನು ತಿನ್ನುತ್ತೀರಿ? ಅಮ್ಮ ಕೆಸುವಿನ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಎಂದು ಒಂದೊಂದೇ ಹೇಳಿದಳು. ಅವರು ಒಂದೊಂದನ್ನೂ ಬರೆದರು. ಕೆಸುವಿನ ಎಲೆಯನ್ನು ಯಾರಾದರೂ ಶಾಯಿಯಲ್ಲಿ ಬರೆದದ್ದು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅವರು ಕೇಳಿದರು, "ಒಕ್ಕಲುತನ ಮಾಡ್ತೀರಲ್ವೇನಮ್ಮ?"

ಅಮ್ಮನ ಮುಖ ಗಟ್ಟಿಯಾಯಿತು. "ಇಲ್ಲ," ಎಂದಳು.

"ಒಕ್ಕಲುತನ ಇಲ್ವಾ?"

"ಒಕ್ಕಲು ಅಂತ ಎಂತದ್ದೂ ಇಲ್ಲ."

ಅವರು ಸುತ್ತ ನೋಡಿದರು. ಅಂಗಳದಲ್ಲಿ ಹುಲ್ಲಿನ ರಾಶಿ, ಮಾಡಿನ ಅಡಿಯಲ್ಲಿ ನೇಗಿಲು, ಹಟ್ಟಿಯಲ್ಲಿ ಎರಡು ಎತ್ತು. "ಈ ನೇಗಿಲು ಯಾರದು?" "ನಮ್ಮದೇ." "ಎತ್ತು?" "ನಮ್ಮದೇ." "ಗದ್ದೇಲಿ ನಾಟಿ ಮಾಡೋದು?" "ನಾವೇ." "ಆದ್ರೂ ಒಕ್ಕಲುತನ ಮಾಡೋದಿಲ್ಲ?" "ಇಲ್ಲ."

ಪಾಪ, ಅವರು ಪೆನ್ನಿನ ಹಿಂಬದಿಯಿಂದ ತಲೆ ಕೆರೆದುಕೊಂಡರು. ನನಗೆ ಮಾತ್ರ ಎರಡೂ ಕಡೆಯ ಗಂಟು ಕಾಣುತ್ತಿತ್ತು. ನಮ್ಮ ಮಾಸ್ಟ್ರು ಘಟ್ಟದ ಮೇಲಿನವರು, ಅವರ ಬಾಯಲ್ಲಿ ಒಕ್ಕಲುತನವೆಂದರೆ ಬರೀ ಬೇಸಾಯ. ಅವರಲ್ಲಿ ಧಣಿಯೂ ಒಕ್ಕಲುತನ ಮಾಡಬಹುದು. ನಮ್ಮಲ್ಲಿ ಆ ಶಬ್ದಕ್ಕೆ ಗೇಣಿಯ ಬಾಲ ಉಂಟು. "ಅಮ್ಮ, ಅವರು ಕೇಳುದು ಬೇಸಾಯ ಉಂಟಾ ಅಂತ ಮಾತ್ರ," ಎಂದೆ. "ಅದು ಉಂಟು," ಎಂದಳು ಅಮ್ಮ, ಉಸಿರು ಬಿಟ್ಟು. ಅವರೂ ನಕ್ಕು ಬರೆದುಕೊಂಡರು. ನನಗೆ ನಾನು ತಾಲೂಕಿನಲ್ಲೇ ಬುದ್ಧಿವಂತೆ ಅನ್ನಿಸಿತು.

ಆದರೆ ಮುಂದಿನ ಪ್ರಶ್ನೆಯಲ್ಲಿ ಜಾರಿಕೊಳ್ಳಲು ದಾರಿಯಿರಲಿಲ್ಲ. ಬೇಸಾಯ ಸ್ವಂತದ್ದೋ, ಗೇಣಿಯದ್ದೋ, ಕೂಲಿಯೋ? ಅಮ್ಮ ಬಾಯಿಪಾಠ ಒಪ್ಪಿಸಿದಳು: "ನಾವು ಧಣಿಗಳ ಕೆಲಸದವರು. ಕೂಲಿ."

ಅವರು ಬರೆಯಲಿಲ್ಲ. "ಎತ್ತು, ನೇಗಿಲು ಸ್ವಂತ ಇರೋ ಕೂಲಿಯವರನ್ನ ನಾನು ನೋಡಿಲ್ಲಮ್ಮ," ಎಂದು ಮೆಲ್ಲಗೆ ಹೇಳಿದರು. ಅಮ್ಮ ಇನ್ನೊಂದು ತುಂಡು ಬೆಲ್ಲ ಅವರ ಮುಂದಿಟ್ಟಳು. ಆಗ ಅವರ ಕಣ್ಣು ಅಂಗಳದ ಮೂಲೆಗೆ ಹೋಯಿತು. ಅಲ್ಲಿ ಅಜ್ಜಿ ಇಷ್ಟು ಹೊತ್ತೂ ತನ್ನ ಪಾಡಿಗೆ ತಾನು ಅಕ್ಕಿ ಮುಡಿ ಕಟ್ಟುತ್ತಿದ್ದಳು. "ಅದೇನು?" ಎಂದು ಎದ್ದೇ ಹೋದರು.

ಮುಡಿ ಎಂದೆ. ಅವರು ನಕ್ಕು, "ನಮ್ಮ ಕಡೆ ಮುಡಿ ಅಂದ್ರೆ ಹೆಂಗಸರ ತುರುಬು," ಎಂದರು. ಇದನ್ನು ತುಳುವಿನಲ್ಲಿ ಹೇಳಿದಾಗ ಅಜ್ಜಿ ತನ್ನ ನೆಲ್ಲಿಕಾಯಿಯಷ್ಟು ತುರುಬು ಮುಟ್ಟಿಕೊಂಡು, "ಇದನ್ನು ಕಟ್ಟುದಕ್ಕೆ ಹಗ್ಗ ಬೇಡ ಅಂತ ಹೇಳು," ಎಂದಳು. ಅವರಿಬ್ಬರಿಗೂ ಸ್ನೇಹವಾಗಿ ಹೋಯಿತು.

ಮುಡಿ ಕಟ್ಟುವುದು ನಿಜವಾಗಿ ಗಂಡಸರ ಕೆಲಸ. ಅಜ್ಜನ ಬಲಗೈ ಸೋತ ಮೇಲೆ ಅವರು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿ ಹೇಳಿ ಅಜ್ಜಿಗೆ ಕಲಿಸಿದ್ದರಂತೆ. ಬೈಹುಲ್ಲನ್ನು ಸುತ್ತ ಹರಡಿ, ನಡುವೆ ಮೂರು ಕಳಸೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆತ್ತಿ ಕೂಡಿಸಿ, ಹುಲ್ಲಿನ ಹಗ್ಗ ಸುತ್ತುತ್ತ, ಮರದ ಕೊರಡಿನಿಂದ ಬಡಿಯುತ್ತ ಬಂದರೆ ಕೊನೆಗೆ ಅದು ದೊಡ್ಡ ಕುಂಬಳಕಾಯಿಯ ಹಾಗೆ ಉರುಟಾಗಿ ಕೂರುತ್ತದೆ. ಒಳಗಿನ ಅಕ್ಕಿಗೆ ಮಳೆಗಾಲ ತಾಗುವುದಿಲ್ಲ, ಹುಳ ಬರುವುದಿಲ್ಲ. ಅವರು ಮೊಣಕಾಲೂರಿ ಕೂತು, ಈ ಗಂಟು ಯಾಕೆ, ಆ ಸುತ್ತು ಎಷ್ಟು ಎಂದು ಕೇಳಿದರು. ಅಜ್ಜಿಯ ಕಸುಬನ್ನು ಅಷ್ಟು ಮರ್ಯಾದೆಯಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅಜ್ಜಿ ಉಬ್ಬಿದಳು. ಮುಗಿದ ಒಂದು ಮುಡಿಯನ್ನು ಜಗಲಿಯಿಂದ ಅಂಗಳಕ್ಕೆ ದಬ್ಬಿ ತೋರಿಸಿದಳು, ಒಂದು ಕಾಳು ಹೊರಗೆ ಬರಲಿಲ್ಲ.

"ಇಷ್ಟು ಚಂದ ಕಟ್ಟಿ ಯಾರಿಗೆ ಕೊಡ್ತೀರಿ ಅಜ್ಜಿ?"

ನಾನು ತುಳುವಿನಲ್ಲಿ ಕೇಳಿದೆ. ಅಮ್ಮ ಹಿಂದಿನಿಂದ ಕೆಮ್ಮಿದಳು. ಅಜ್ಜಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವೆನಿಸಿತೋ.

"ಧಣಿಗಳಿಗೆ ಗೇಣಿಗೆ," ಎಂದಳು. "ಅವರ ಉಗ್ರಾಣದಲ್ಲಿ ನಮ್ಮ ಮನೆಯ ಮುಡಿಯನ್ನು ಬೇರೆಯೇ ಇಡುದು. ಮದುವೆ ಮುಂಜಿಗೆ ತೆಗೆಯುದು ಇದನ್ನೇ. ಕೂಲಿಯವರಿಗೆ ಬರ್ತದಾ ಈ ಕೆಲಸ? ಅವರಿಗೆ ಸಂಜೆ ಸೇರಲ್ಲಿ ಅಳೆದು ಸೆರಗಿಗೆ ಹಾಕುದು. ಮುಡಿ ಕಟ್ಟುದಕ್ಕೆ ಅವರಲ್ಲಿ ಎಂತ ಉಂಟು?"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ನಾನು ಅನುವಾದ ಮಾಡಲೋ ಬೇಡವೋ ಎಂದು ಬಾಯಿ ತೆರೆದುಕೊಂಡು ನಿಂತೆ. ಬೇಕಾಗಲೂ ಇಲ್ಲ. ಗೇಣಿ ಎಂಬ ಶಬ್ದವೂ ಕೂಲಿ ಎಂಬ ಶಬ್ದವೂ ತುಳುವಿನಲ್ಲೂ ಕನ್ನಡದಲ್ಲೂ ಹಾಗೆಯೇ. ಅವರು ಜಗಲಿಗೆ ಬಂದು ಕೂತು, ಯಾರ ಮುಖವನ್ನೂ ನೋಡದೆ, ಪೆನ್ನು ಎತ್ತಿ ಎತ್ತಿ ಬಿಡಿಬಿಡಿಯಾಗಿ ಬರೆದರು. ಅಮ್ಮ ಕಂಬಕ್ಕೆ ಒರಗಿ ಆ ಪೆನ್ನನ್ನೇ ನೋಡುತ್ತಿದ್ದಳು. ಬರೆದು ಮುಗಿಸಿ, ಹೇಳಿದ್ದೆಲ್ಲ ಸರಿ ಎಂದು ಕೆಳಗೆ ಹೆಬ್ಬೆಟ್ಟು ಹಾಕಬೇಕು ಎಂದರು.

"ಎಂತ ಬರೆದದ್ದು ಅವರು?" ಅಮ್ಮ ನನ್ನನ್ನು ತುಳುವಿನಲ್ಲಿ ಕೇಳಿದಳು.

ಕಾಗದದಲ್ಲಿ "ಗೇಣಿ ಒಕ್ಕಲು" ಎಂದಿತ್ತು. ದುಂಡಗಿನ, ಚಂದದ ಅಕ್ಷರ. ನಮ್ಮ ಬಗ್ಗೆ ಯಾರೋ ಮೊದಲ ಸಲ ಬರೆದಿದ್ದರು, ಅದೂ ಇದ್ದದ್ದನ್ನು ಇದ್ದ ಹಾಗೆ. ನಿಜ ಹೇಳಿದರೆ ಅಮ್ಮ ಅದನ್ನು ಅಳಿಸಿ ಹಾಕಿಸುತ್ತಾಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಗದ್ದೆ ಹೋಗಬಹುದು, ಮನೆ ಹೋಗಬಹುದು ಎಂಬುದು ತಲೆಗೆ ಬರಲಿಲ್ಲ ಎಂದರೆ ಸುಳ್ಳು. ಬಂತು. ಬಂದರೂ ಬಾಯಿ, "ಕೂಲಿ ಅಂತ," ಎಂದಿತು.

ಅಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವರ ಶಾಯಿಯ ಡಬ್ಬ ಒಣಗಿ ಹೋಗಿತ್ತು, ಎಷ್ಟು ಉಜ್ಜಿದರೂ ಬೆರಳಿಗೆ ಬಣ್ಣ ಹತ್ತಲಿಲ್ಲ. ಹಾಗಾದರೆ ಬಿಡಿ ಎಂದು ಅವರು ಕಾಗದ ಮಡಚಲು ಹೊರಟರು. ಅಮ್ಮ ತಡೆಯಿರಿ ಎಂದು ಒಳಗೆ ಹೋಗಿ, ಅನ್ನದ ಪಾತ್ರೆಯ ತಳದ ಮಸಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಬಂದು ಒತ್ತಿದಳು.

ಆ ಮೇಲಿನ ಎರಡು ತಿಂಗಳು ನಾನು ಅನುಭವಿಸಿದ ಹೆದರಿಕೆ ನನಗೊಬ್ಬಳಿಗೇ ಗೊತ್ತು. ಗದ್ದೆಯ ಹುಣಿಯಲ್ಲಿ ಯಾರು ಬಂದರೂ ಧಣಿಗಳು ಕಳಿಸಿದವರೇ ಎಂದು ಹಟ್ಟಿಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ಗಂಜಿ ಸೇರುತ್ತಿರಲಿಲ್ಲ. ಕೃಮಿ ಇರಬೇಕೆಂದು ಅಜ್ಜಿ ಕಹಿ ಕಷಾಯ ಕುಡಿಸಿದಳು, ತನ್ನ ಬಾಯಿಯ ತಪ್ಪಿಗೆ ನನ್ನ ಬಾಯಿಗೆ ಶಿಕ್ಷೆ.

ವರ್ಷದ ಎರಡನೇ ಬೆಳೆ ಸುಗ್ಗಿ ಹಾಲು ತುಂಬುತ್ತಿದ್ದಾಗ ಧಣಿಗಳ ಗುಮಾಸ್ತರು ನಿಜವಾಗಿಯೂ ಬಂದರು. ಅವರ ಕೈಯಲ್ಲೂ ಒಂದು ಕಾಗದ. "ಎಂತ ಇಲ್ಲ ಮಾರಾಯ್ತಿ, ನೀವು ಗೇಣಿಯವರಲ್ಲ, ಕೆಲಸದವರು ಅಂತ ಅಷ್ಟೆ. ಆಚೆ ಮನೆಯವರೆಲ್ಲ ಒತ್ತಿ ಆಯ್ತು. ನಿನ್ನದೊಂದು ಹೆಬ್ಬೆಟ್ಟು," ಎಂದು ಶಾಯಿಯ ಡಬ್ಬ ತೆರೆದರು. ಅದು ಒಣಗಿರಲಿಲ್ಲ.

ಅಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಆಗುದಿಲ್ಲ," ಎಂದಳು.

"ಯಾಕೆ?"

"ಮೊನ್ನೆ ಮೈಸೂರಿನವರು ಬಂದು ಬರೆದುಕೊಂಡು ಹೋಗಿದ್ದಾರೆ. ಅದಕ್ಕೆ ಒತ್ತಿ ಆಗಿದೆ. ಅದರಲ್ಲಿ ಗೇಣಿ ಅಂತ ಉಂಟು. ಈಗ ಇದಕ್ಕೂ ಒತ್ತಿದರೆ ಎರಡರಲ್ಲಿ ಒಂದು ಸುಳ್ಳಾಗ್ತದೆ. ನನಗಿರುದು ಒಂದು ಹೆಬ್ಬೆಟ್ಟು."

ಗುಮಾಸ್ತರು ಯಾವ ಕಾಗದ, ಯಾವ ಕಚೇರಿ ಎಂದು ನಾಲ್ಕು ಸಲ ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ಹೆಸರಿಲ್ಲದ ಕಚೇರಿಯಷ್ಟು ಹೆದರಿಸುವ ಕಚೇರಿ ಇನ್ನೊಂದಿಲ್ಲ. ಅವರು ಡಬ್ಬ ಮುಚ್ಚಿ ಎದ್ದರು. ಧಣಿಗಳ ಅಂಗಳದಲ್ಲಿ ನಮಗೆ ಮತ್ತೆ ನೀರುದೋಸೆ ಸಿಗಲಿಲ್ಲ, ಆದರೆ ಗದ್ದೆಯಿಂದ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಆ ಮೈಸೂರಿನ ಕಾಗದ ಯಾವ ಕಪಾಟಿನಲ್ಲಿ ಗೆದ್ದಲು ತಿಂದಿತೋ, ಯಾರೂ ಅದನ್ನು ಎಂದೂ ಹುಡುಕಿಕೊಂಡು ಬರಲಿಲ್ಲ.

ಅವತ್ತು ಗುಮಾಸ್ತರು ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟುವ ತನಕ ನಾನು ಅವರ ಬೆನ್ನನ್ನೇ ನೋಡುತ್ತ ನಿಂತೆ. ಆಮೇಲೆ ಕೇಳಿದೆ, "ಅಮ್ಮ, ಗೇಣಿ ಅಂತ ಬರೆದದ್ದು ನಿನಗೆ ಯಾರು ಹೇಳಿದ್ದು? ನಾನು ಕೂಲಿ ಅಂತ ಅಲ್ವಾ ಹೇಳಿದ್ದು?"

ಅಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು, ಕಿರುಬೆರಳಿನಿಂದ ಮಡಚುತ್ತ ಬಂದಳು. ಗೇ, ಣಿ, ಒ, ಕ್ಕ. ಹೆಬ್ಬೆರಳು ಉಳಿದಿತ್ತು. ಅದನ್ನೂ ಮಡಚಿ, ಲು ಎಂದಳು.

"ಅವರು ಐದು ಬರೆದರು," ಎಂದಳು. "ಕೂಲಿಗೆ ಅಷ್ಟು ಬೇಡ."